ಗಣಿತದ ಪ್ಲೇಸ್‌ಮೆಂಟ್ ಟೆಸ್ಟಲ್ಲಿ ಅಂಕ ಕಡಿಮೆ ಬಂದರೆ ಸೀಟು ಹೋಗುತ್ತಾ?

‘ಅಮೆರಿಕದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದ ಮೇಲೂ ಗಣಿತದ ಪರೀಕ್ಷೆ ಇದೆ. ಫೇಲಾದರೆ ಸೀಟೂ ಇಲ್ಲ, ವೀಸಾನೂ ಇಲ್ಲ.’ ಮಕ್ಕಳನ್ನು ಓದಲು ಕಳಿಸುವ ಮನೆಗಳ ವಾಟ್ಸ್ಯಾಪ್‌ನಲ್ಲಿ ಓಡಾಡುವ ಮಾತು ಇದು. ನಿಜವಲ್ಲ.

ಸೀಟು ಆಗಲೇ ಸಿಕ್ಕಿರುತ್ತದೆ. ಮೊದಲ ಸೆಮಿಸ್ಟರ್‌ಗೆ ಯಾವ ಗಣಿತದ ತರಗತಿ ಅನ್ನೋದನ್ನಷ್ಟೇ ಈ ಪ್ಲೇಸ್‌ಮೆಂಟ್ ಟೆಸ್ಟ್ ಹೇಳುತ್ತದೆ. ಇದರಲ್ಲಿ ಪಾಸು, ಫೇಲು ಇಲ್ಲ.

ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಬಳಸುವುದು ಅಲೆಕ್ಸ್ ಎಂಬ ಆನ್‌ಲೈನ್ ಪರೀಕ್ಷೆ. ಹೆಚ್ಚೆಂದರೆ 30 ಪ್ರಶ್ನೆ. ನೀವು ಕೊಟ್ಟ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಬರುತ್ತದೆ. ನಮ್ಮ ಸಿಇಟಿ ತರಹ ನಾಲ್ಕರಲ್ಲಿ ಒಂದನ್ನು ಆರಿಸುವುದಲ್ಲ, ಹೆಚ್ಚಿನ ಕಡೆ ಉತ್ತರವನ್ನು ನೀವೇ ಟೈಪ್ ಮಾಡಬೇಕು. ಕ್ಯಾಲ್ಕುಲೇಟರ್ ಬೇಕಾದ ಲೆಕ್ಕಕ್ಕೆ ಮಾತ್ರ ಅದು ಪರದೆಯ ಮೇಲೆ ಕಾಣಿಸುತ್ತದೆ. ‘ಗೊತ್ತಿಲ್ಲ’ ಎಂಬ ಬಟನ್ ಕೂಡ ಇದೆ. ಕಲಿಯದ ಪಾಠ ಬಂದರೆ ಸುಮ್ನೆ ಊಹಿಸಬೇಡಿ, ಅದನ್ನೇ ಒತ್ತಿ.

ಹಾಗಂತ ಹಗುರವಾಗಿ ತಗೋಬೇಡಿ. ಅಂಕ ಕಡಿಮೆಯಾದರೆ ಪ್ರಿಕ್ಯಾಲ್ಕುಲಸ್‌ನಿಂದ, ಅಂದರೆ ಕ್ಯಾಲ್ಕುಲಸ್‌ಗೆ ಮುಂಚಿನ ತಯಾರಿ ತರಗತಿಯಿಂದ, ಶುರು ಮಾಡಬೇಕಾಗಬಹುದು. ಕ್ಯಾಲ್ಕುಲಸ್ ತಡವಾದರೆ ಅದನ್ನು ನಂಬಿದ ಭೌತಶಾಸ್ತ್ರವೂ ತಡ. ಒಂದು ಸೆಮಿಸ್ಟರ್ ಶುಲ್ಕ ಜಾಸ್ತಿಯಾದರೆ ಸಣ್ಣ ಮಾತಲ್ಲ, ಅಲ್ವಾ?

ಇನ್ನೊಂದು ತಪ್ಪು ಇದಕ್ಕಿಂತ ನೋವು ಕೊಡುವಂಥದ್ದು. ಮನೆಯಲ್ಲಿ ಕೂತು ಬರೆಯುವ ಪರೀಕ್ಷೆ ಅಂತ ಅಣ್ಣನೋ ಅಕ್ಕನೋ ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡುವುದು. ಆಮೇಲೆ ಕ್ಯಾಲ್ಕುಲಸ್ ತರಗತಿಯಲ್ಲಿ ಒದ್ದಾಡುವುದು ಮಗುವೇ.

ಪಿಯುಸಿಯ ತ್ರಿಕೋನಮಿತಿ, ಲಾಗರಿದಮ್ ಒಮ್ಮೆ ತಿರುವಿಹಾಕಿ. ಹಲವು ಕಡೆ ಮತ್ತೆ ಬರೆಯಲು ಅವಕಾಶವಿದೆ. ಮಧ್ಯೆ ಅಭ್ಯಾಸಕ್ಕೆ ಅಲೆಕ್ಸ್‌ನಲ್ಲೇ ಪಾಠಗಳಿವೆ.