ಮನೆಯ ಬಿಯರ್: ಬಾಟಲಿಗೆ ಅವಸರ ಬೇಡ

ಇಂಗ್ಲೆಂಡಿನಲ್ಲಿದ್ದುಕೊಂಡು ಮನೆಯಲ್ಲೇ ಬಿಯರ್ ಮಾಡಲು ಹೊರಟ ನಮ್ಮವರಿಗೆ ನಾನು ಮೊದಲು ಹೇಳುವ ಮಾತು ಇದು: ದೋಸೆಹಿಟ್ಟು ಕಲಿಸಿದ ಪಾಠದಲ್ಲಿ ಅರ್ಧ ಇಲ್ಲಿ ಕೆಲಸಕ್ಕೆ ಬರುತ್ತದೆ, ಇನ್ನರ್ಧವನ್ನು ಬಿಡಬೇಕು. ನಮ್ಮ ಹುದುಗೆಲ್ಲ ತೆರೆದ ಬಾಯಿಯದು. ಹಿಟ್ಟು ಹೆಚ್ಚು ಉಬ್ಬಿದರೆ ಪಾತ್ರೆಯಿಂದ ಉಕ್ಕುತ್ತದೆ, ಒರೆಸಿದರೆ ಮುಗಿಯಿತು. ಮರದಿಂದಿಳಿಸಿದ ಹೆಂಡವೂ ಗಡಿಗೆಯಲ್ಲಿ ನೊರೆಗಟ್ಟಿ ಅಂದಂದಿಗೇ ಖರ್ಚಾಗುತ್ತದೆ. ಬಿಯರಿನಲ್ಲಿ ಮಾತ್ರ ಹುದುಗಿನ ಕೊನೆಯ ಹಂತವನ್ನು ಗಾಜಿನೊಳಗೆ ಮುಚ್ಚಿಡುತ್ತೇವೆ. ಅಲ್ಲಿ ಕಣ್ಣಂದಾಜು ನಡೆಯುವುದಿಲ್ಲ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. ಇಲ್ಲಿ 1880ರಿಂದ ಮನೆಯ ಬಿಯರಿಗೂ ಲೈಸೆನ್ಸ್ ಬೇಕಾಗಿತ್ತು; 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮೌಡ್ಲಿಂಗ್ ಅದನ್ನು ತೆಗೆದುಹಾಕಿದರು. ಮಾಡಿ ಕುಡಿಯಬಹುದು, ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಊರಿಗೆ ಹೋದಾಗ ಈ ಪ್ರಯೋಗ ಬೇಡ.

ಹೊಸಬರಿಗೆ ಡಬ್ಬಿಯ ಕಿಟ್ಟೇ ಸರಿ. ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಸೇರಿಸಿ ಕುದಿಸಿ ಗಟ್ಟಿ ಮಾಡಿದ 1.7 ಕಿಲೋ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪಾಕ, ಒಂದು ಪೊಟ್ಟಣ ಯೀಸ್ಟ್. ಜೊತೆಗೆ 1 ಕಿಲೋ ಸಕ್ಕರೆ ಹಾಕಿ 23 ಲೀಟರ್ ಮಾಡಿ ಎಂದು ಚೀಟಿ ಹೇಳುತ್ತದೆ. ಸಕ್ಕರೆಯನ್ನು ಅರ್ಧಕ್ಕಿಳಿಸಿ, ಉಳಿದರ್ಧದ ಬದಲು 500 ಗ್ರಾಂ ಒಣ ಮಾಲ್ಟ್ ಪುಡಿ ಹಾಕಿ. ಬರೀ ಸಕ್ಕರೆಯ ಬಿಯರ್ ನೀರುನೀರಾಗಿರುತ್ತದೆ. ಎಲ್ಲವನ್ನೂ 3 ಲೀಟರ್ ಕುದಿವ ನೀರಿನಲ್ಲಿ ಕರಗಿಸಿ, ತಣ್ಣೀರು ಸೇರಿಸಿ 23 ಲೀಟರಿಗೆ ತನ್ನಿ. ನಲ್ಲಿ ನೀರಿಗೆ ಮೊದಲೇ ಅರ್ಧ ಕ್ಯಾಂಪ್ಡೆನ್ ಮಾತ್ರೆ ಪುಡಿ ಮಾಡಿ ಹಾಕಿ. ಇಲ್ಲದಿದ್ದರೆ ನೀರಿನ ಕ್ಲೋರಿನ್ ಉಳಿದು ಬಿಯರಿಗೆ ಆಸ್ಪತ್ರೆಯ ಔಷಧಿ ವಾಸನೆ ಬರಬಹುದು.

ದೋಸೆಹಿಟ್ಟಿಗೆ ನಾವು ಯೀಸ್ಟ್ ಹಾಕುವುದಿಲ್ಲ. ಉದ್ದಿನಬೇಳೆ, ಅಕ್ಕಿಯ ಜೊತೆ ಬಂದ ಬ್ಯಾಕ್ಟೀರಿಯಾಗಳೇ ಹುಳಿ ಬರಿಸುತ್ತವೆ, ಬಂದವರಿಗೆಲ್ಲ ಸ್ವಾಗತ. ಬಿಯರಿಗೆ ಆ ಹುಳಿಯೇ ಶತ್ರು. ನಾವು ಹಾಕಿದ ಯೀಸ್ಟ್ ಒಂದೇ ಬೆಳೆಯಬೇಕು, ಬೇರೇನೂ ಒಳಗೆ ಬರಬಾರದು. ಆದ್ದರಿಂದ ಬಕೆಟ್, ಸೌಟು, ಕೊಳವೆ, ನಲ್ಲಿ ಎಲ್ಲವನ್ನೂ ಮೊದಲು ತೊಳೆದು, ಆಮೇಲೆ ಸ್ಯಾನಿಟೈಸರ್ ದ್ರಾವಣದಲ್ಲಿ ನೆನೆಸಬೇಕು. ಕೊಳೆ ಅಂಟಿದ ಮೇಲೆ ಸ್ಯಾನಿಟೈಸರ್ ಕೆಲಸ ಮಾಡುವುದಿಲ್ಲ. ಬಕೆಟ್ಟಿನ ನಲ್ಲಿಯನ್ನು ಬಿಚ್ಚಿ ಒಳಗೂ ತೊಳೆಯಿರಿ. ಹಳೆಯ ಬಿಯರ್ ಒಣಗಿ ಕೂರುವ ಜಾಗ ಅದೇ.

ಇನ್ನೊಂದು ಅಭ್ಯಾಸ ಬಿಡಬೇಕಾದದ್ದು ಶಾಖದ್ದು. ಇಲ್ಲಿಯ ಚಳಿಗೆ ನಾವು ಹಿಟ್ಟನ್ನು ಓವನ್ನಿನೊಳಗೆ ದೀಪ ಹಾಕಿಟ್ಟು ಉಬ್ಬಿಸುತ್ತೇವೆ. ಬಿಯರನ್ನು ಹಾಗೆ ಬೆಚ್ಚಗಿಟ್ಟರೆ ಬೇಗ ಹುದುಗುತ್ತದೆ ನಿಜ, ಆದರೆ 25 ಡಿಗ್ರಿ ದಾಟಿದಂತೆ ಯೀಸ್ಟ್ ಘಾಟಿನ ಭಾರದ ಆಲ್ಕೋಹಾಲುಗಳನ್ನು ಹೆಚ್ಚು ಬಿಡುತ್ತದೆ. ಕುಡಿದರೆ ಗಂಟಲಲ್ಲಿ ಬಿಸಿ. ಏಲ್ ಬಗೆಯ ಬಿಯರಿನ ಯೀಸ್ಟಿಗೆ 18ರಿಂದ 20 ಡಿಗ್ರಿ ಸಾಕು. ಹುದುಗುವಾಗ ಬಿಯರ್ ತಾನೇ ಬಿಸಿಯಾಗುವುದರಿಂದ ಕೋಣೆಯ ಶಾಖ ಇನ್ನೂ ಒಂದೆರಡು ಡಿಗ್ರಿ ಕಡಿಮೆ ಇದ್ದರೆ ಒಳ್ಳೆಯದು.

ಇನ್ನು ಬಾಟಲಿ. ಕಿಟ್ಟಿನ ಚೀಟಿಗಳು ವಾರ, ಹತ್ತು ದಿನ ಎಂದು ಲೆಕ್ಕ ಹೇಳುತ್ತವೆ. ನಮ್ಮವರು ಗುಳ್ಳೆ ನಿಂತಿತಲ್ಲ ಎಂದು ಮುಚ್ಚಳದ ಮೇಲೆ ಗ್ಯಾಸ್ ಹೊರಬಿಡುವ ಏರ್‌ಲಾಕ್ ನೋಡುತ್ತಾರೆ. ಎರಡನ್ನೂ ನಂಬಬೇಡಿ. ಮುಚ್ಚಳ ಸರಿಯಾಗಿ ಕೂರದಿದ್ದರೂ ಗುಳ್ಳೆ ಕಾಣುವುದಿಲ್ಲ, ರಾತ್ರಿ ಚಳಿ ಹಿಡಿದು ಯೀಸ್ಟ್ ಮಲಗಿದರೂ ಕಾಣುವುದಿಲ್ಲ. ನಂಬಬೇಕಾದ್ದು ಹೈಡ್ರೋಮೀಟರನ್ನು, ಅಂದರೆ ಬಿಯರಿನಲ್ಲಿ ತೇಲಿ, ಉಳಿದ ಸಕ್ಕರೆ ಹೆಚ್ಚಿದ್ದಷ್ಟೂ ಹೆಚ್ಚಿನ ಅಂಕಿ ತೋರಿಸುವ ಗಾಜಿನ ಕಡ್ಡಿಯನ್ನು. ಶುರುವಿನಲ್ಲಿ ಅದು 1.040ರ ಆಸುಪಾಸು ತೋರಿಸುತ್ತದೆ, ಮುಗಿದಾಗ ಸಾಮಾನ್ಯವಾಗಿ 1.010. ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಶೇಕಡಾ 4ರಷ್ಟು ಆಲ್ಕೋಹಾಲ್. ಅಳೆಯುವ ಮೊದಲು ಬಿಯರನ್ನು ಎರಡು ಲೋಟಗಳ ನಡುವೆ ಹುಯ್ದು ಗ್ಯಾಸ್ ತೆಗೆಯಿರಿ. ಗುಳ್ಳೆ ಅಂಟಿದರೆ ಕಡ್ಡಿ ಮೇಲೆದ್ದು ತಪ್ಪು ಅಂಕಿ ತೋರಿಸುತ್ತದೆ. ಅಳೆದದ್ದನ್ನು ಬಕೆಟ್ಟಿಗೆ ವಾಪಸ್ ಸುರಿಯಬೇಡಿ. ಎರಡು ದಿನ ಬಿಟ್ಟು ಮತ್ತೆ ಅಳೆದು ಅದೇ ಅಂಕಿ ಬಂದರೆ ಮಾತ್ರ ಬಾಟಲಿ ತೊಳೆಯಿರಿ.

ಇಷ್ಟು ಹಟ ಯಾಕೆಂದರೆ, ಬಾಟಲಿಯೊಳಗೆ ಅಂಕಿ ಎರಡು ಪಾಯಿಂಟ್ (0.002) ಇಳಿದರೆ ಬಿಯರಿನ ಗಾತ್ರದಷ್ಟೇ, ಅಂದರೆ ಒಂದು ಪಾಲು, ಗ್ಯಾಸ್ ಹುಟ್ಟುತ್ತದೆ. 1.010ಕ್ಕೆ ನಿಲ್ಲಬೇಕಾದದ್ದನ್ನು 1.014ರಲ್ಲೇ ತುಂಬಿಸಿದರೆ, ಬೇಕಾದ ಎರಡು ಪಾಲಿನ ಮೇಲೆ ಇನ್ನೆರಡು ಪಾಲು ಸೇರುತ್ತದೆ. ಸಾಧಾರಣ ಬಿಯರ್ ಬಾಟಲಿ ನಾಲ್ಕು ಪಾಲಿನ ಒತ್ತಡಕ್ಕಲ್ಲ, ಗಾಜು ಸಿಡಿಯಬಹುದು.

ಬಾಟಲಿಯೊಳಗೆ ಬೇಕಾದ ಗ್ಯಾಸಿಗಾಗಿ ಲೀಟರಿಗೆ 5 ಗ್ರಾಂ ಸಕ್ಕರೆ ಸಾಕು. ತಳದ ಗಷ್ಟು ಬಿಟ್ಟು 21 ಲೀಟರ್ ಸಿಕ್ಕರೆ 105 ಗ್ರಾಂ. ಬಾಟಲಿಗೊಂದು ಚಮಚ ಹಾಕುವ ಇಲ್ಲಿಯ ಹಳೆಯ ರೂಢಿ ನನಗೆ ಒಪ್ಪಿಗೆಯಿಲ್ಲ, ಚಮಚದಿಂದ ಚಮಚಕ್ಕೆ ತೂಕ ಬದಲಾಗುತ್ತದೆ. ಸಕ್ಕರೆಯನ್ನು ಒಂದು ಲೋಟ ನೀರಲ್ಲಿ ಕುದಿಸಿ ಆರಿಸಿ, ಎರಡನೆಯ ಬಕೆಟ್ಟಿಗೆ ಹಾಕಿ, ಅದರ ಮೇಲೆ ಬಿಯರನ್ನು ಕೊಳವೆಯಲ್ಲಿ ಇಳಿಸಿ. ಕೊಳವೆಯ ತುದಿ ಸದಾ ಬಿಯರಿನೊಳಗೆ ಮುಳುಗಿರಲಿ. ಚಿಮ್ಮಿದರೆ ಗಾಳಿ ಸೇರಿ ಕೆಲವೇ ವಾರಗಳಲ್ಲಿ ಒದ್ದೆ ರಟ್ಟಿನ ರುಚಿ ಬರುತ್ತದೆ. ಬಾಟಲಿ ಕಂದು ಬಣ್ಣದ್ದೇ ಇರಲಿ, ಬಿಸಿಲು ಬಿದ್ದರೆ ಹಾಪ್ಸ್ ನಾರುತ್ತದೆ. ಮೇಲೆ ಎರಡು ಬೆರಳಷ್ಟು ಜಾಗ ಬಿಟ್ಟು ಕ್ಯಾಪ್ ಒತ್ತಿ.

ಒಂದನ್ನು ಮಾತ್ರ ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿ. ಅದನ್ನು ಅಮುಕಿ ನೋಡುತ್ತಿದ್ದರೆ ಗಾಜಿನೊಳಗಿನ ಸ್ಥಿತಿ ತಿಳಿಯುತ್ತದೆ. 20 ಡಿಗ್ರಿಯಲ್ಲಿ ಎರಡು ವಾರವಾದರೂ ಮೆತ್ತಗಿದ್ದರೆ, ಬಾಟಲಿಗಳನ್ನೆಲ್ಲ ನಿಧಾನವಾಗಿ ತಲೆಕೆಳಗು ಮಾಡಿ ಯೀಸ್ಟ್ ಕದಡಿ, ಇನ್ನೊಂದು ವಾರ ಬೆಚ್ಚಗಿಡಿ. ಕಲ್ಲಿನಂತೆ ಗಟ್ಟಿಯಾಗಿ ತಳ ಉಬ್ಬಿದ್ದರೆ, ಕೈಗವಸು, ಕನ್ನಡಕ ಹಾಕಿಕೊಂಡು ಗಾಜಿನವನ್ನು ಫ್ರಿಜ್ಜಿಗೆ ಸೇರಿಸಿ, ಚೆನ್ನಾಗಿ ತಣ್ಣಗಾದ ಮೇಲೆ ಒಂದೊಂದೇ ಕ್ಯಾಪ್ ಸಡಿಲಿಸಿ ಗ್ಯಾಸ್ ಬಿಟ್ಟು ಹೊಸ ಕ್ಯಾಪ್ ಒತ್ತಿ.