ಎಐ ಬರುತ್ತೆ, ಕರೆಂಟು ಬರಲ್ಲ

2026-27ರಿಂದ ಮೂರನೇ ಕ್ಲಾಸಿಗೇ ಎಐ ಪಾಠ. ಸುದ್ದಿ ನೀವೂ ಓದಿದ್ದೀರಿ. ಕೇಂದ್ರದವರು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಬೆಂಗಳೂರಿನ ಶಾಲೆಗಳ ಕಾಂಪೌಂಡಿನ ಮೇಲೆ ರೋಬೋ ನಿಂತು ಕೈ ಬೀಸುತ್ತಿದೆ. ಎಲ್‌ಕೆಜಿ ಅಡ್ಮಿಷನ್ನಿಗೂ ‘ಫ್ಯೂಚರ್ ರೆಡಿ’ ಅನ್ನುವ ಸೀಲು. ಭೇಷ್!

ಭವಿಷ್ಯ ಇರಲಿ, ಇವತ್ತು ಸಂಜೆ ಏಳಕ್ಕೆ ಮನೆ ಕತ್ತಲಾದರೆ? ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿದೆ. ನಾಲ್ಕು ಪೈಥಾನ್ ಕೋಡಿಂಗ್ ಸರ್ಟಿಫಿಕೇಟಿನ ಕುಲಪುತ್ರ ಅಪ್ಪನಿಗೆ ಫೋನ್ ಮಾಡುತ್ತಾನೆ, ಅಪ್ಪ ಎಲೆಕ್ಟ್ರಿಷಿಯನ್ನಿಗೆ. ಎಲೆಕ್ಟ್ರಿಷಿಯನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ.

ಇಡೀ ಮನೆ ಕತ್ತಲಾದರೆ ಬಹುಮಟ್ಟಿಗೆ ಬಿದ್ದಿರುವುದು ಮೇನ್ ಬೋರ್ಡಿನಲ್ಲಿ ಲೋಡು ಹೆಚ್ಚಾದರೆ ಬೀಳುವ ಸಣ್ಣ ಸ್ವಿಚ್ಚು ಎಂಸಿಬಿಯಲ್ಲ, ಪಕ್ಕದ ದಪ್ಪನೆಯ ಸ್ವಿಚ್ಚು ಆರ್‌ಸಿಸಿಬಿ. ಕರೆಂಟು ಎಲ್ಲೋ ಸೋರುತ್ತಿದೆ ಅಂತ. ಒಣಗಿದ ಕೈಯಲ್ಲಿ ಗೀಸರು, ಫ್ರಿಜ್ಜು, ಇಸ್ತ್ರಿಪೆಟ್ಟಿಗೆಗಳ ಪ್ಲಗ್ಗನ್ನೇ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಅದು ಕರೆಂಟು ತರುವ ಫೇಸ್ ತಂತಿಯನ್ನಷ್ಟೇ ಕಡಿಯುತ್ತದೆ, ವಾಪಸ್ ಒಯ್ಯುವ ನ್ಯೂಟ್ರಲ್ಲಿನ ಸೋರಿಕೆ ಹಾಗೇ ಉಳಿಯುತ್ತದೆ. ಆರ್‌ಸಿಸಿಬಿಯನ್ನು ಪೂರ್ತಿ ಕೆಳಕ್ಕೆ ಒತ್ತಿ, ಆಮೇಲೆ ಮೇಲಕ್ಕೆ. ಬೀಳದೆ ಮೇಲೇ ನಿಂತರೆ ಪ್ಲಗ್ಗುಗಳನ್ನು ಒಂದೊಂದಾಗಿ ಹಾಕುತ್ತಾ ಬನ್ನಿ. ಯಾವುದಕ್ಕೆ ‘ಟಪ್’ ಅನ್ನುತ್ತದೋ ಅದೇ ಕಳ್ಳ, ಎಷ್ಟೋ ಸಲ ಕಾಯಿಲ್ ಹೋದ ಗೀಸರು. ಎಲ್ಲ ಕಿತ್ತರೂ ನಿಲ್ಲದಿದ್ದರೆ ದೋಷ ವೈರಿಂಗಿನದು, ಮುಟ್ಟಬೇಡಿ, ಸಿಲ್ಕ್ ಬೋರ್ಡಿನವನು ಬರಲಿ.

ಎಐ ಜೊತೆಗೆ ಕಲಿಸುತ್ತೇವೆ ಅಂತ ಹೇಳಿರುವ ‘ಕಂಪ್ಯುಟೇಷನಲ್ ಥಿಂಕಿಂಗ್’ ಇದೇ ಸ್ವಾಮಿ, ಒಂದೊಂದನ್ನೇ ಬೇರೆ ಮಾಡಿ ತಪ್ಪು ಹಿಡಿಯುವುದು. ಲ್ಯಾಬ್ ಮನೆಯಲ್ಲೇ ಇದೆ. ಅದಕ್ಕೆ ಫೀಸು ಹಾಕಲಾಗುವುದಿಲ್ಲ, ಅದೊಂದೇ ಕೊರತೆ.

ಗ್ಯಾಸಿನ ಕಥೆ ಇನ್ನೂ ಚೆಂದ. ಸಿಲಿಂಡರಿನ ಕುತ್ತಿಗೆ ಹತ್ತಿರದ ಲೋಹದ ಪಟ್ಟಿಯಲ್ಲಿ ‘ಸಿ-27’ ಅಂತ ಇದ್ದರೆ 2027ರ ಸೆಪ್ಟೆಂಬರಿನೊಳಗೆ ಅದರ ಮರುಪರೀಕ್ಷೆ ಆಗಬೇಕು. ಎ ಅಂದರೆ ಮಾರ್ಚ್, ಬಿ ಜೂನ್, ಡಿ ಡಿಸೆಂಬರ್. ರೆಗ್ಯುಲೇಟರ್ ಕೂರಿಸುವ ಮುಂಚೆ ವಾಲ್ವಿನೊಳಗೆ ಕಪ್ಪು ರಬ್ಬರ್ ವಾಷರ್ ಇದೆಯಾ ನೋಡಬೇಕು, ವಾಸನೆ ಬಂದರೆ ಸೋಪುನೀರು ಹಚ್ಚಿ ಗುಳ್ಳೆ ಹುಡುಕಬೇಕು. ಅಪ್ಪಂದಿರಲ್ಲಿ ಕಡ್ಡಿ ಗೀರಿ ನೋಡುವ ಶೂರರೂ ಇದ್ದಾರೆ, ಅವರ ಮಾತು ಬೇಡ.

ಆರರಿಂದ ಎಂಟನೇ ಕ್ಲಾಸಿನೊಳಗೆ ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಮಾಲಿ, ಕುಂಬಾರರ ಹತ್ತಿರ ಕಲಿಯಲಿ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಬರೆದಿದೆ. ಬಡಗಿ ಹತ್ತಿರವಾ? ಪೇರೆಂಟ್ಸ್ ಗ್ರೂಪಿನಲ್ಲಿ ಬೆಂಕಿ ಬೀಳುತ್ತದೆ. “ಮ್ಯಾಮ್, ಅವತ್ತು ನಮ್ಮವನಿಗೆ ಒಲಿಂಪಿಯಾಡ್ ಕೋಚಿಂಗ್ ಇದೆ.”

ತಮಾಷೆ ಸಾಕು. ಅರ್ಧ ಕಿಲೋಮೀಟರ್ ದೂರದ ಶಾಲೆಗೆ ಹತ್ತು ವರ್ಷದ ಮಗು ಒಂಟಿಯಾಗಿ ನಡೆದು ಹೋಗಲಾಗದ ಊರಿದು. ಚರಂಡಿ ಮೇಲಿನ ಚಪ್ಪಡಿ ಅಲ್ಲಾಡುತ್ತದೆ, ಫುಟ್‌ಪಾತ್ ಮೇಲೆ ಸ್ಕೂಟರು ಹಾರ್ನ್ ಹೊಡೆಯುತ್ತದೆ, ಟ್ರಾನ್ಸ್‌ಫಾರ್ಮರ್ ಬೇಲಿಗೆ ಬಾಗಿಲಿಲ್ಲ. ಬೆಂಗಳೂರಿಗೆ ಇದ್ದ ಒಂದು ಪಾಲಿಕೆ ಹೋಗಿ ಐದಾದವು, ಚಪ್ಪಡಿ ಅಲ್ಲಾಡುವುದು ನಿಂತಿಲ್ಲ. ಇಷ್ಟು ಮಾಡಿಟ್ಟು ಮಕ್ಕಳಿಗೆ ಧೈರ್ಯ ಇಲ್ಲ, ಲೋಕಜ್ಞಾನ ಇಲ್ಲ ಅಂತ ಗೊಣಗಲು ನಾಚಿಕೆಯಾಗಬೇಕು ನಮಗೆ. ಆ ಅರ್ಧ ಕಿಲೋಮೀಟರಿಗೂ ವ್ಯಾನು. ವ್ಯಾನಿನ ಫೀಸು ಬೇರೆ, ಎಐ ಫೀಸು ಬೇರೆ.