ತಿಕ್ಕಬಾರದ ಸ್ನಾನ

ಹಲ್ಲು ತಿಕ್ಕು, ಬೆನ್ನು ತಿಕ್ಕು, ಪಾತ್ರೆ ತಿಕ್ಕು. ಶುಚಿತ್ವದ ಬಗ್ಗೆ ನಮ್ಮ ಮನೆಯಲ್ಲಿ ಆಡಿದ ಯಾವ ಮಾತೂ ಈ ಕ್ರಿಯಾಪದವಿಲ್ಲದೆ ಮುಗಿದದ್ದಿಲ್ಲ. ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆ ಸುರಿಯುತ್ತಿದ್ದ ನನ್ನ ತಲೆಗೆ ಸೀಗೆಪುಡಿ ಹಾಕಿ ಅಮ್ಮ ತಿಕ್ಕುತ್ತಿದ್ದ ರಭಸಕ್ಕೆ ಎಣ್ಣೆಯ ಜೊತೆ ಒಂದಿಷ್ಟು ಬುದ್ಧಿಯೂ ತೊಳೆದುಹೋಗಿರಬೇಕು ಎಂದು ನನ್ನ ಹೆಂಡತಿಗೆ ಅನುಮಾನ. ಇಂಥ ಕೈಯಲ್ಲಿ ಬೆಳೆದವನು ಕಾರು ಕೊಂಡರೆ ಏನು ಮಾಡುತ್ತಾನೆ? ತಿಕ್ಕುತ್ತಾನೆ.

ಆರು ವರ್ಷ ತಿಕ್ಕಿದೆ. ಪ್ರತಿ ಭಾನುವಾರ ಒಂದು ಬಕೆಟ್ ನೀರು, ಅದರಲ್ಲಿ ಒಂದು ಹಿಡಿ ಬಟ್ಟೆ ಒಗೆಯುವ ಪುಡಿ, ಮೈಮೇಲಿನ ಸೇವೆಯಿಂದ ನಿವೃತ್ತವಾದ ಒಂದು ಬನಿಯನ್. ಕಾಗೆಯ ಹಿಕ್ಕೆ ಒಣಗಿ ಕೂತಿದ್ದರೆ ಪಾತ್ರೆ ತೊಳೆಯುವ ಸೋಪಿನ ಚೂರು. ಆ ಸೋಪಿನಲ್ಲಿ ತಳ ಹಿಡಿದ ಹಾಲಿನ ಪಾತ್ರೆಯನ್ನು ಕೆರೆಯಲೆಂದೇ ನುಣ್ಣನೆಯ ಕಲ್ಲಿನ ಪುಡಿ ಸೇರಿಸಿರುತ್ತಾರೆ ಎಂಬುದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಇನ್ನೂ ಒಳ್ಳೆಯದೇ ಆಯಿತು ಎಂದುಕೊಳ್ಳುತ್ತಿದ್ದೆನೇನೋ.

ಒಂದು ಸಂಜೆ ಪೆಟ್ರೋಲ್ ಬಂಕಿನ ದೀಪದ ಕೆಳಗೆ ನಿಂತಿದ್ದಾಗ ಕಾರಿನ ಮುಂಭಾಗ ಕಣ್ಣಿಗೆ ಬಿತ್ತು. ಕಡುನೀಲಿ ಬಣ್ಣದ ಮೇಲೆ ಪ್ರತಿ ದೀಪದ ಪ್ರತಿಬಿಂಬದ ಸುತ್ತಲೂ ಒಂದೊಂದು ಜೇಡ ಕೂತು ಬಲೆ ನೇಯ್ದಂತಿತ್ತು. ಮೊದಲು ರಸ್ತೆಯನ್ನು ಬೈದೆ. ಆಮೇಲೆ ರಾತ್ರಿ ಬಾನೆಟ್ ಮೇಲೆ ಮಲಗುವ ಬೀದಿಯ ಬೆಕ್ಕನ್ನು. ಕೊನೆಗೆ ಕಾರಿಗೆ ಬಣ್ಣ ಹೊಡೆಯುವ ಅಂಗಡಿಯ ಹುಡುಗನಿಗೆ ತೋರಿಸಿದೆ. ಅವನು ಮೊಬೈಲಿನ ಬೆಳಕು ಬಿಟ್ಟು ನೋಡಿ, “ಸರ್, ಇದು ರಸ್ತೆಯ ಕೆಲಸವಲ್ಲ, ಬಟ್ಟೆಯ ಕೆಲಸ. ನೀವೇ ಒರೆಸುತ್ತೀರಿ ತಾನೇ?” ಎಂದ. ಕಳ್ಳನನ್ನು ಹಿಡಿದುಕೊಡಿ ಎಂದು ಠಾಣೆಗೆ ಹೋದವನ ಜೇಬಿನಲ್ಲೇ ಮಾಲು ಸಿಕ್ಕಂತಾಯಿತು.

ಕಾರಿನ ಬಣ್ಣದ ಮೇಲೆ ಬಣ್ಣವಿಲ್ಲದ ಒಂದು ಪದರ ಇರುತ್ತದೆ. ಹೊಳಪೆಲ್ಲ ಅದರದ್ದೇ. ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ತೆಳು. ಬೆಂಗಳೂರಿನ ದೂಳೆಂದರೆ ಬರಿಯ ಮಣ್ಣಲ್ಲ. ಒಡೆದ ಕಾಂಕ್ರೀಟು, ಎಂ ಸ್ಯಾಂಡಿನ ಹುಡಿ, ಮೆಟ್ರೋ ಕಾಮಗಾರಿಯ ಪ್ರಸಾದ ಎಲ್ಲವೂ ಅದರಲ್ಲಿವೆ. ಬನಿಯನ್ ಆ ಹರಳುಗಳನ್ನು ಎತ್ತಿಕೊಳ್ಳುವುದಿಲ್ಲ, ಜೊತೆಯಲ್ಲೇ ಎಳೆದುಕೊಂಡು ಓಡಾಡುತ್ತದೆ. ಗೀರುಗಳು ಎಲ್ಲ ದಿಕ್ಕಿಗೂ ಹರಡಿರುತ್ತವೆ. ದೀಪಕ್ಕೆ ಅಡ್ಡಲಾಗಿ ಇರುವಂಥವು ಮಾತ್ರ ಮಿನುಗುವುದರಿಂದ ಸುತ್ತು ಸುತ್ತಾಗಿ ಕಾಣುತ್ತವೆ. ಅಂತೂ ಆರು ವರ್ಷ ನಾನು ನನ್ನ ಕಾರನ್ನು ಪ್ರೀತಿಯಿಂದ ಮರಳುಕಾಗದದಲ್ಲಿ ಉಜ್ಜಿದ್ದೆ.

ಪ್ರಾಯಶ್ಚಿತ್ತಕ್ಕೆಂದು ಜೆ.ಸಿ. ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ವಾಹನದ ಹಾರ್ನ್‌ನಿಂದ ಸೀಟಿನ ಗವಸಿನವರೆಗೆ ಏನು ಬೇಕಾದರೂ ಅಲ್ಲಿಗೇ ಹೋಗಬೇಕು. ಅಂಗಡಿಯಾತ ಶಾಂಪೂ ಬಾಟಲಿಗಳನ್ನು ಮುಂದಿಟ್ಟ. ಗುಲಾಬಿ, ಹಸಿರು, ನೀಲಿ. ಒಂದರಲ್ಲಿ ಚೆರ್ರಿ ಹಣ್ಣಿನ ವಾಸನೆ, ಇನ್ನೊಂದರಲ್ಲಿ ಬಬಲ್ ಗಮ್ಮಿನದು. ಒಂದು ಮೇಣ ಬೆರೆಸಿದ್ದು, ಒಂದು ನೊರೆ ಹೆಚ್ಚು ಬರುವಂಥದ್ದು. ನನ್ನ ತಲೆಗೆ ಒಂದು ರೂಪಾಯಿಯ ಪೊಟ್ಟಣದಲ್ಲಿ ಎರಡು ಸ್ನಾನ ಮುಗಿಸುವ ನಾನು, ಕಾರಿನ ತಲೆಗೆ ನಾನೂರೈವತ್ತು ರೂಪಾಯಿ ಕೊಡಲೇ ಎಂದು ಅರ್ಧ ಗಂಟೆ ನಿಂತೆ.

ಆ ಅರ್ಧ ಗಂಟೆಯಲ್ಲಿ ಕಲಿತದ್ದು ಇಷ್ಟು. ಬಟ್ಟೆಯ ಪುಡಿ ಕ್ಷಾರ. ಬಣ್ಣದ ಮೇಲೆ ಹಚ್ಚಿದ ಮೇಣವನ್ನು ಕೊಳೆಯ ಜೊತೆಗೇ ಕಿತ್ತುಕೊಂಡು ಹೋಗುತ್ತದೆ. ಕಾರಿನ ಶಾಂಪೂ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ, ಪಿಎಚ್ 7ರ ಆಸುಪಾಸಿನ ಸಾಧು ಸ್ವಭಾವದ್ದಾಗಿರಬೇಕು. ನೊರೆ ನೋಡಿ ಮರುಳಾಗಬಾರದು, ಬೆರಳ ನಡುವಿನ ಜಾರಿಕೆ ನೋಡಬೇಕು. ಹರಳಿಗೂ ಬಣ್ಣಕ್ಕೂ ನಡುವೆ ಜಾರಿಕೆಯೊಂದು ಇದ್ದರೆ ಹರಳು ಗೀರದೆ ಸರಿದುಹೋಗುತ್ತದೆ. ಬಕೆಟ್ಟಿಗೆ ಒಂದೆರಡು ಮುಚ್ಚಳ ಸಾಕು. ಸಾಂಬಾರಿಗೆ ಉಪ್ಪು ಹಾಕಿದಂತೆ, ಹೆಚ್ಚು ಹಾಕಿದರೆ ಹೆಚ್ಚು ರುಚಿ ಎಂಬ ಲೆಕ್ಕ ನಡೆಯುವುದಿಲ್ಲ.

ಶಾಂಪೂ ಎಂಬ ಪದವೇ ಹಿಂದೂಸ್ತಾನಿಯ ‘ಚಾಂಪೋ’ ಎಂಬುದರಿಂದ ಇಂಗ್ಲಿಷಿಗೆ ಹೋದದ್ದು. ಚಾಂಪೋ ಎಂದರೆ ಒತ್ತು, ಅಂಗಮರ್ದನ ಮಾಡು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪಟ್ನಾದ ದೀನ್ ಮಹಮದ್ ಎಂಬಾತ ಇಂಗ್ಲೆಂಡಿನ ಬ್ರೈಟನ್ ಕಡಲತಡಿಯಲ್ಲಿ ಸ್ನಾನಗೃಹ ತೆರೆದು, ಗಿರಾಕಿಗಳನ್ನು ಹಬೆಯಲ್ಲಿ ಕೂರಿಸಿ ಮೈ ಒತ್ತಿ ಹೆಸರು ಮಾಡಿದ. ನಾಲ್ಕನೆಯ ಜಾರ್ಜ್ ದೊರೆಗೂ ಅವನ ಸೇವೆ ಸಂದಿತು. ಅಂದರೆ ಹುಟ್ಟಿನಿಂದಲೇ ತಿಕ್ಕುವ ಕುಲದ ಪದ. ಅದೇ ಪದವನ್ನು ಬಾಟಲಿಯ ಮೇಲೆ ಅಂಟಿಸಿಕೊಂಡು ಈಗ ಅಂಗಡಿಯಾತ ಹೇಳುತ್ತಿದ್ದಾನೆ: “ಒತ್ತಬೇಡಿ ಸಾರ್. ಕೈಯ ಭಾರ ಕೂಡ ಬೀಳಬಾರದು.”

ಹಾಗೆ ಭಾರ ಬೀಳದಂತೆ ತೊಳೆಯಲು ಅವನು ಕೊಟ್ಟದ್ದು ಒಂದು ಕೈಗವಸು. ಹಸಿರು ಬಣ್ಣದ ಕಂಬಳಿಹುಳುಗಳನ್ನೆಲ್ಲ ಒಟ್ಟು ಹೊಲಿದಂತಿದೆ. ಸ್ಪಂಜು ಬೇಡವೇ ಎಂದರೆ ಬೇಡವೇ ಬೇಡ ಎಂದ. ಸ್ಪಂಜಿನ ಮುಖ ಚಪ್ಪಟೆ. ಹರಳಿಗೆ ಅಡಗಲು ಜಾಗವಿಲ್ಲದೆ ಬಣ್ಣದ ಮೇಲೇ ಉರುಳುತ್ತದೆ. ಈ ಗವಸಿನ ಎಳೆಗಳ ಸಂದಿಯಲ್ಲಾದರೆ ಒಳಗೆ ಸೇರಿಕೊಳ್ಳುತ್ತದೆ. ಒರೆಸಲು ಮೈಕ್ರೋಫೈಬರ್ ಬಟ್ಟೆ. ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಳೆಗಳನ್ನು ಕೂದಲಿಗಿಂತ ಎಷ್ಟೋ ಸೂಕ್ಷ್ಮವಾಗಿ ಸೀಳಿ ನೇಯ್ದದ್ದು, ನೀರು ಕುಡಿಯುವುದರಲ್ಲಿ ಒಂಟೆ. ಇದನ್ನು ಬೇರೆ ಬಟ್ಟೆಗಳ ಜೊತೆ ಒಗೆಯಬಾರದು, ಮೃದುಗೊಳಿಸುವ ಸುಗಂಧದ ದ್ರವವನ್ನಂತೂ ಹಾಕಲೇಬಾರದು, ಎಳೆಗಳ ಬಾಯಿ ಕಟ್ಟಿಹೋಗುತ್ತದೆ. ಇಷ್ಟು ಮಡಿ ನಮ್ಮ ಅಜ್ಜಿಯ ರೇಷ್ಮೆ ಸೀರೆಗೂ ಇರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದ ಸಲಕರಣೆ ಅತ್ಯಂತ ಅಗ್ಗದ್ದಾಗಿತ್ತು: ಎರಡನೆಯ ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿಯ ನೀರು. ಗವಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಬಾಗಿಲು ಸವರಿ, ಬರಿಯ ನೀರಿನಲ್ಲಿ ಜಾಲಾಡಿ, ಆಮೇಲಷ್ಟೇ ಮತ್ತೆ ಶಾಂಪೂವಿಗೆ. ಬಕೆಟ್ಟಿನ ತಳಕ್ಕೆ ಹಾಕುವ ಜಾಲರಿಯೊಂದನ್ನು ಅಂಗಡಿಯಲ್ಲಿ ಮಾರುತ್ತಾರೆ. ಇಳಿದ ಮರಳು ಮತ್ತೆ ಮೇಲೇಳಬಾರದೆಂದು. ನಾನು ಮನೆಯ ಸೊಪ್ಪು ತೊಳೆಯುವ ತೂತಿನ ಬುಟ್ಟಿಯನ್ನು ಬೋರಲು ಹಾಕಿದೆ. ಅದು ಕಾಣೆಯಾದ ವಿಚಾರ ಅಡುಗೆಮನೆಯಲ್ಲಿ ಮೂರು ದಿನ ನಡೆಯಿತು. ಮೊದಲ ಸಲ ತೊಳೆದು ಮುಗಿಸಿ ಎರಡನೆಯ ಬಕೆಟ್ಟಿನ ನೀರು ಚೆಲ್ಲಿದಾಗ ತಳದಲ್ಲಿ ಒಂದು ಚಮಚೆಯಷ್ಟು ಮರಳು ಕೂತಿತ್ತು. ಆರು ವರ್ಷದ ಭಾನುವಾರಗಳನ್ನು ಚಮಚೆಯಿಂದ ಗುಣಿಸಲು ಹೋಗಿ ಅರ್ಧಕ್ಕೇ ಬಿಟ್ಟೆ.

ನೀರಿನದೇ ಬೇರೆ ಕಥೆ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಕೈಕೊಟ್ಟು ಊರೆಲ್ಲ ಟ್ಯಾಂಕರಿನ ಹಿಂದೆ ಓಡುತ್ತಿದ್ದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ನ್ಯಾಯವೇ. ನೂರು ಕಿಲೋಮೀಟರಿನಷ್ಟು ದೂರದಿಂದ, ಬೆಟ್ಟ ಹತ್ತಿಸಿದಂತೆ ಪಂಪು ಮಾಡಿ ತರುವ ಕಾವೇರಿಯನ್ನು ಟಯರಿಗೆ ಸುರಿಯುವುದು ಯಾರಿಗೂ ಶೋಭೆಯಲ್ಲ. ಆಗ ನಾನೊಂದು ಜಾಣತನ ಮಾಡಿದೆ. ಅಡುಗೆಮನೆಯ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಕೊಡಗಳಲ್ಲಿ ಹಿಡಿದಿಟ್ಟು ಕಾರು ತೊಳೆದೆ. ಒಣಗಿದ ಮೇಲೆ ನೋಡಿದರೆ ಕಾರಿಗೆ ತೊನ್ನು ಹತ್ತಿದಂತೆ ಬಿಳಿ ಚುಕ್ಕೆಗಳು. ನೀರಿನ ಸುಣ್ಣವನ್ನೆಲ್ಲ ಆ ಯಂತ್ರ ಕುಡಿಯುವ ಲೋಟದಿಂದ ತೆಗೆದು ಈ ಕೊಡಕ್ಕೆ ತುಂಬಿತ್ತು. ಈಗ ಆ ನೀರು ಚಕ್ರಗಳಿಗೆ ಮತ್ತು ಅಂಗಳಕ್ಕೆ. ಮೈಗೆ ಮಳೆನೀರಿನ ಡ್ರಮ್ಮಿನದು, ಎರಡೂ ಬಕೆಟ್ ಸೇರಿ ಮೂವತ್ತು ಲೀಟರ್, ಅದೂ ಬಿಸಿಲೇರುವ ಮೊದಲು. ಬಿಸಿ ತಗಡಿನ ಮೇಲೆ ಶಾಂಪೂ ಒಣಗಿದರೆ ಅದರ ಕಲೆ ಬೇರೆ.

ನಮ್ಮ ಬೀದಿಯಲ್ಲಿ ಬೆಳಗ್ಗೆ ಐದೂವರೆಗೆ ಸೈಕಲ್ಲಿನಲ್ಲಿ ಬಂದು ಇಪ್ಪತ್ತು ಕಾರು ಒರೆಸಿ ಹೋಗುವ ಒಬ್ಬರಿದ್ದಾರೆ. ಒಂದೇ ಬಕೆಟ್, ಒಂದೇ ಬಟ್ಟೆ. ಐದನೆಯ ಕಾರಿಗೆ ಬರುವಾಗ ನೀರು ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿರುತ್ತದೆ. ಹೊಸ ವಿದ್ಯೆಯ ಹುರುಪಿನಲ್ಲಿ ಅವರಿಗೆ ಎರಡು ಬಕೆಟ್ಟಿನ ಮಹಿಮೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಒಂದು ಕಾರಿಗೆ ಒಂದು ಗಂಟೆ ಅನ್ನಿ ಸ್ವಾಮಿ. ಇಪ್ಪತ್ತು ಕಾರಿಗೆ?” ಎಂದರು. ಮುಂದೆ ನಾನು ಆ ವಿಷಯ ಎತ್ತಲಿಲ್ಲ.

ಅಮ್ಮನಿಗೆ ಮಾತ್ರ ಈ ಹೊಸ ಪದ್ಧತಿ ಒಗ್ಗಲಿಲ್ಲ. ಜಗುಲಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ನನ್ನನ್ನೇ ನೋಡುತ್ತಿರುತ್ತಾಳೆ. “ಏನದು, ಮಗುವಿಗೆ ಪೌಡರ್ ಹಚ್ಚಿದ ಹಾಗೆ? ತಿಕ್ಕದೆ ಕೊಳೆ ಹೋದೀತೇನೋ?” ನಾನು ಪದರ, ಮೈಕ್ರಾನ್ ಎಂದೆಲ್ಲ ಹೇಳಿದರೆ, “ನಿನ್ನನ್ನು ತಿಕ್ಕಿಯೇ ಸ್ನಾನ ಮಾಡಿಸಿದ್ದು, ನಿನ್ನ ಚರ್ಮವೇನು ಹರಿದುಹೋಯಿತೇ?” ಇದಕ್ಕೆ ಜೆ.ಸಿ. ರಸ್ತೆಯಲ್ಲೂ ಉತ್ತರ ಸಿಗಲಾರದು.

ಈ ಸಲದ ಆಯುಧಪೂಜೆಗೆ ಕಾರನ್ನು ತೊಳೆದ ಪರಿಯನ್ನು ನಾನೇ ಹೊಗಳಿಕೊಳ್ಳಬೇಕು. ಛಾವಣಿಯಿಂದ ಶುರುಮಾಡಿ ಕೆಳಕ್ಕೆ ಇಳಿದೆ, ಚಕ್ರಗಳಿಗೆ ಬೇರೆಯೇ ಬಟ್ಟೆ ಹಿಡಿದೆ, ಬಟ್ಟೆಯನ್ನು ಹಾಸಿ ಎಳೆದೆನೇ ಹೊರತು ಒಮ್ಮೆಯೂ ಉಜ್ಜಲಿಲ್ಲ. ಅಮ್ಮ ಬಾನೆಟ್ಟಿಗೆ ಅರಿಶಿನ, ಕುಂಕುಮ, ಗಂಧ ಹಚ್ಚಿ, ಸೇವಂತಿಗೆ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟಳು. ಕುಂಕುಮ ತುಂಬಿದ ಬೂದುಗುಂಬಳ ಒಡೆದದ್ದಾಯಿತು. ಆಗ ಅವಳಿಗೆ ಕಂಡಿತು, ಅರಿಶಿನ ಒಂದು ಕಡೆ ಇಳಿದು ಹೊಸ ಹೊಳಪಿನ ಮೇಲೆ ಗೆರೆ ಎಳೆದಿದೆ. “ಅಯ್ಯೋ, ಅಷ್ಟು ಚೆನ್ನಾಗಿ ತೊಳೆದಿದ್ದೀಯ” ಎನ್ನುತ್ತಾ ಸೆರಗಿನ ತುದಿ ಹಿಡಿದು, ನೀರೂ ಇಲ್ಲ, ಶಾಂಪೂವೂ ಇಲ್ಲ, ಜರಿಯಂಚು ಸಮೇತ ಗರಗರನೆ ತಿಕ್ಕಿದಳು.

ನನ್ನ ಕೈ ತಡೆಯಲು ಅರ್ಧ ಮೇಲೆದ್ದಿತ್ತು. ಅದನ್ನು ಹಾಗೆಯೇ ಮಂಗಳಾರತಿಯ ಕಡೆ ತಿರುಗಿಸಿದೆ. ಈಗ ಬಿಸಿಲಿನಲ್ಲಿ ನೋಡಿದರೆ ಬಾನೆಟ್ಟಿನ ಎಡಮೂಲೆಯಲ್ಲಿ ಅಂಗೈ ಅಗಲದ ಒಂದು ಹೊಸ ಬಲೆ ಕಾಣುತ್ತದೆ. ಪಾಲಿಶ್ ಹಾಕಿದರೆ ಹೋಗುತ್ತದೆ ಎಂದು ಅಂಗಡಿಯ ಹುಡುಗ ಹೇಳಿದ. ಹಾಕಿಸಿಲ್ಲ. ಆ ಮೂಲೆ ಗೋಡೆಯ ಕಡೆಗೆ ಬರುವಂತೆ ಕಾರು ನಿಲ್ಲಿಸುತ್ತಿದ್ದೇನೆ.